ಗೋಡೆಯಾಚೆಯ ಗುದ್ದು

ಪಕ್ಕದ ಕೋಣೆಯಲ್ಲಿ ಎದುರಾಳಿ ಮರಳಿನ ಚೀಲಕ್ಕೆ ಗುದ್ದಿದ ಸದ್ದು ಕೇಳುತ್ತಲೇ, ಪಂದ್ಯಕ್ಕೆಂದು ತಮ್ಮನ ಕೈಗೆ ಬಟ್ಟೆಪಟ್ಟಿ ಸುತ್ತುತ್ತಿದ್ದ ಅಣ್ಣನ ಬೆರಳುಗಳು ನಿಂತವು. ಚಟೀರೆನ್ನುವ ಗುದ್ದು ತೊಗಲಲ್ಲೇ ಉಳಿಯುತ್ತದೆ. ಹೀಗೆ ಮಂಕಾಗಿ ದಬ್ಬೆನ್ನುವುದು ಮೂಳೆಗಿಳಿಯುತ್ತದೆ. ಹೆವಿವೇಟ್ ಬಾಕ್ಸರುಗಳ ಏಟು ತಿಂದೇ ಎಡಗಣ್ಣು ಕಳೆದುಕೊಂಡವನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

“ಅಣ್ಣಾ, ಯಾರ ಗುದ್ದು ಜೋರು? ಅವನದಾ, ನಂದಾ?”

“ನಿಂದೇ ಕಣೋ. ಅವನದು ಬರೀ ಆರ್ಭಟ.”

ಮತ್ತೆ ದಬ್ಬೆಂದಿತು. ಬೆಂಚಿನ ಮೇಲಿದ್ದ ನೀರಿನ ಬಾಟಲಿ ಅದುರಿತು. ಅಣ್ಣ ತಲೆಯೆತ್ತಲಿಲ್ಲ, ಅಲ್ಲಿಯವರೆಗೆ ಸುತ್ತಿದ್ದ ಪಟ್ಟಿಯನ್ನು ಬಿಚ್ಚಿ ಮೊದಲಿನಿಂದ ಸುತ್ತತೊಡಗಿದ. ‘ಬೇಡ, ಮನೆಗೆ ಹೋಗೋಣ’ ಎನ್ನಬೇಕೆನಿಸಿತು. ಆದರೆ ಈ ದಿನಕ್ಕೆಂದೇ ತಮ್ಮನನ್ನು ಹುರಿದುಂಬಿಸಿ ಬೆಳೆಸಿದವನು ತಾನೇ ಅಲ್ಲವೇ? ಹೊರಗೆ ಜನ ಆಗಲೇ ತಮ್ಮನ ಹೆಸರು ಕೂಗುತ್ತಿದ್ದರು.

ಅಣ್ಣನ ಬೆರಳುಗಳನ್ನೇ ತಮ್ಮ ನೋಡಿದ. ಅವು ಮತ್ತೆ ಪಟ್ಟಿ ಬಿಚ್ಚತೊಡಗಿದ್ದವು. ಇನ್ನೊಂದು ಕೈಯಿಂದ ಅವನ್ನು ಮೆಲ್ಲಗೆ ಹಿಡಿದುಕೊಂಡ.

“ಸಾಕು ಬಿಡಣ್ಣ, ಮೊದ್ಲು ಕಟ್ಟಿದ್ದೇ ಚೆನ್ನಾಗಿತ್ತು,” ಎಂದ. “ನೀನೊಂದು ಕೆಲಸ ಮಾಡು. ಅಮ್ಮಂಗೆ ಫೋನ್ ಮಾಡಿ, ಇವತ್ತು ಟೀವಿ ಹಾಕ್ಬೇಡ ಅನ್ನು.”