ಒಂದೇ ನಂಬರಿನ ಓಣಿ

ಫೋನು ಕುಂಯ್ ಎಂದಿತು. ಸಿದ್ದವ್ವನ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಆಶಾ ಕಾರ್ಯಕರ್ತೆ ರೋಹಿಣಿ ಗಟ್ಟಿಯಾಗಿ ಓದಿದಳು: “ರೋಹಿಣಿಯವರೇ, ನಿಮ್ಮ ರಕ್ತದೊತ್ತಡ ಅಪಾಯದ ಮಟ್ಟದಲ್ಲಿದೆ. ಕೂಡಲೇ ಆಸ್ಪತ್ರೆಗೆ ತೆರಳಿ.”

“ಯವ್ವಾ, ನಿನಗೇನಾತ?” ಸಿದ್ದವ್ವನಿಗೆ ಗಾಬರಿ.

“ನನಗಲ್ಲ ಅಜ್ಜಿ. ನಿಮ್ಮಲ್ಲೇ ಯಾರಿಗೋ.”

ದಾಸನಕೊಪ್ಪದ ಆ ಓಣಿಯ ಹೆಂಗಸರಿಗೆ ಸ್ವಂತ ಫೋನಿಲ್ಲ. ಮನೆಗೊಂದಿರುವ ಫೋನು ಗಂಡಸರ ಕಿಸೆಯಲ್ಲಿ ಊರು ಸುತ್ತುತ್ತದೆ. ಬೆಳಿಗ್ಗೆ ಎಲ್ಲರ ತೋಳಿಗೆ, ಅಂಕಿಯನ್ನು ನೇರ ಫೋನಿಗೇ ಕಳಿಸುವ ಬಿಪಿ ಪಟ್ಟಿ ಸುತ್ತುವಾಗ ರೋಹಿಣಿ ತನ್ನ ನಂಬರನ್ನೇ ಹಾಕಿದ್ದಳು. ಒಂದು ನಂಬರಿಗೆ ಒಬ್ಬರೇ ಮನುಷ್ಯರು ಎಂದು ಕಲಿತಿದ್ದ, ಫೋನಿನೊಳಗಿನ ಎಐ ಡಾಕ್ಟರು ಓಣಿಯ ಕಾಯಿಲೆಗಳನ್ನೆಲ್ಲ ಅವಳ ಹೆಸರಿಗೇ ಬರೆದುಕೊಂಡಿತ್ತು. ಸಕ್ಕರೆ ಕಾಯಿಲೆ, ಮಂಡಿನೋವು, ಕಣ್ಣಿನ ಪೊರೆ; ಮೇಲೆ ಏಳು ತಿಂಗಳ ಬಸಿರು.

“ಮಂಡಿ ನಂದು, ಬಸರು ಗಂಗಾಂಬಿಕಾಂದು. ಒಬ್ಬಾಕಿ ಮ್ಯಾಲ ಎಷ್ಟ್ ಹೇರ್ತಾನ ನಿನ್ನ ಡಾಕ್ಟರ!” ಸಿದ್ದವ್ವ ನಕ್ಕಳು.

ರೋಹಿಣಿ ನಗಲಿಲ್ಲ. ಮತ್ತೆ ಪಟ್ಟಿ ಸುತ್ತಿ ನೋಡಲು ಹೋದರೆ, “ರೋಹಿಣಿಯವರೇ, ನಿಮ್ಮ ಇಂದಿನ ತಪಾಸಣೆ ಮುಗಿದಿದೆ” ಎಂದಿತು ಫೋನು. ಪಕ್ಕದ ಮನೆಯ ಸೊಸೆ ಗಂಗಾಂಬಿಕಾ ಕಂಬಕ್ಕೆ ಒರಗಿ ಹಣೆ ಒತ್ತಿಕೊಳ್ಳುತ್ತಿದ್ದಳು. ಪಾದ ಬಾತಿತ್ತು.

“ಗಂಗಾ, ನಡಿ, ಶಿರಸಿಗೆ ಹೋಗೋಣ.”

“ಬ್ಯಾಡಕ್ಕ. ಇವ್ರು ಮನ್ಯಾಗಿಲ್ಲ, ಕೇಳದ ಹೆಂಗ ಬರ್ಲಿ? ಮೆಸೇಜ್ ನಂದ ಅಂತ ಏನ್ ಗ್ಯಾರಂಟಿ?”

“ನಿಂದಲ್ಲ ಯವ್ವಾ, ರೋಹಿಣೀದು. ಫೋನಿನ್ಯಾಗ ಬರದೈತಿ.” ಸಿದ್ದವ್ವ ಸೆರಗು ಸರಿಮಾಡಿಕೊಂಡು ಎದ್ದಳು. “ಜಡ್ಡಿನಾಕೀನ್ನ ಒಬ್ಬಾಕೀನ್ನ ಕಳಸ್ತಾರೇನ? ಜೋಡಿಗೆ ಹೋಗಿದ್ದೆ ಅಂತ ಹೇಳು ನಿನ್ನ ಗಂಡಗ.”

ಗಂಗಾಂಬಿಕಾ ಚಪ್ಪಲಿ ಹುಡುಕಿದಳು.

ಶಿರಸಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳ ಬಿಪಿ ನೋಡಿದವರೇ ಅಲ್ಲೇ ಮಲಗಿಸಿದರು. “ಸಂಜೆವರೆಗೆ ಕಾದಿದ್ದರೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ” ಎಂದರು.

ಗಂಗಾಂಬಿಕಾಳ ಗಂಡ ಬಂದು ಅವಳ ಬಳಿ ಕೂತ ಮೇಲೆ ರೋಹಿಣಿ ಹೊರಗೆ ಬಂದು, ಆಸ್ಪತ್ರೆಗೆ ದಾಖಲಾದ ಸುದ್ದಿಯನ್ನು ಫೋನಿಗೆ ತುಂಬಿದಳು. ಉತ್ತರ ತಡವಾಗಲಿಲ್ಲ: “ರೋಹಿಣಿಯವರೇ, ನೀವು ದಾಖಲಾಗಿದ್ದು ಒಳ್ಳೆಯದಾಯಿತು. ಇನ್ನು ಭಾರ ಎತ್ತಬೇಡಿ.”

ಜೊತೆಗೆ ಬಂದಿದ್ದ ಸಿದ್ದವ್ವ ಅದನ್ನು ಇನ್ನೊಮ್ಮೆ ಓದಿಸಿಕೊಂಡಳು. ಆಮೇಲೆ ತೂಕದ ಯಂತ್ರ, ಬಿಪಿ ಪಟ್ಟಿ, ಔಷಧಿ ತುಂಬಿದ ಚೀಲವನ್ನು ರೋಹಿಣಿಯ ಹೆಗಲಿನಿಂದ ಇಳಿಸಿ ತನ್ನ ಹೆಗಲಿಗೆ ಏರಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟಳು.

“ಅಜ್ಜಿ, ನಿಮ್ಮ ಮಂಡಿ...”

“ಅದೂ ನಿನ್ನ ಹೆಸರಿನ್ಯಾಗ ಐತಲ್ಲವಾ. ಸುಮ್ನ ಬಾ.”