ಮಳೆಯಲ್ಲಿ ನಿಂತವ

“ಇದ್ದದ್ದೆಲ್ಲಾ ಅಳಸಬೇಕ್ರಿ ಅಕ್ಕಾರ, ಬ್ಯಾರೆ ದಾರಿ ಇಲ್ಲ,” ಎಂದ ಶಾಬುದ್ದೀನ. ಕಂಪ್ಯೂಟರ್ ರಿಪೇರಿಗೆಂದು ಹಾವೇರಿಯಿಂದ ಬಂದವನು ಮಧ್ಯಾಹ್ನದಿಂದ ಅದರ ಮುಂದೆಯೇ ಕೂತಿದ್ದ. “ವೈರಸ್ ಪೂರಾ ಒಳಗ ಹೊಕ್ಕೈತಿ. ಫ್ಲಾಪಿಗೆ ತಗದಿಟ್ರ ಅದೂ ಬೆನ್ನು ಹತ್ತಿ ಬರ್ತೈತಿ. ಆರಕ್ಕ ಕರೆಂಟ್ ಹೋಗ್ತೈತಿ. ಈಗ ಚಾಲೂ ಮಾಡಿದ್ರ ಅಷ್ಟೊತ್ತಿಗೆ ಮುಗೀತೈತಿ.”

ಇಂದಿರಾ ತಲೆಯಾಡಿಸಿದಳು. ಬೀಜದ ಕಂಪನಿಯ ಲೇಬಲ್ಲುಗಳನ್ನು ರಾತ್ರಿ ಕರೆಂಟ್ ಬಂದ ಮೇಲೆ ಹೊಸದಾಗಿ ಮಾಡಿ ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಕಳಿಸಲೇಬೇಕಿತ್ತು. ರಾಣೆಬೆನ್ನೂರಿನ ಮನೆಯ ಮುಂಗೋಣೆಯಲ್ಲಿ ಗಂಡ ಅಣ್ಣಾಜಿ ಶುರು ಮಾಡಿದ್ದ ಡಿಟಿಪಿ ಅಂಗಡಿಯನ್ನು ಎಂಟು ತಿಂಗಳಿಂದ ಅವಳೇ ನಡೆಸುತ್ತಿದ್ದಳು.

ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅತ್ತೆ ಗೋದೂಬಾಯಿಯವರ ಕೈ ನಿಂತಿತು. “ಎಲ್ಲಾ ಅಂದ್ರ? ಆ ಹುಡುಗನೂ?”

“ಯಾವ ಹುಡುಗ್ರಿ ಅವ್ವಾರ?”

“ಆಟದಾಗಿನಂವ,” ಎಂದಳು ಇಂದಿರಾ, ನಾಚಿಕೊಂಡು.

ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿ.ಡಿ.ಯಲ್ಲಿದ್ದ ಆಟ ಅದು. ಗುಂಡು ಹಾರಿಸುವುದಿಲ್ಲ, ಗಾಡಿ ಓಡಿಸುವುದಿಲ್ಲ. ಅಪ್ಪನ ಊರನ್ನು ಹುಡುಕಿಕೊಂಡು ಹೊರಟ ಒಬ್ಬ ತರುಣ. ಬಾಣದ ಗುರುತನ್ನು ಎಲ್ಲಿಟ್ಟು ಒತ್ತಿದರೆ ಅಲ್ಲಿಗೆ ನಡೆಯುತ್ತಾನೆ, ಎದುರಾದವರನ್ನು ಮಾತಾಡಿಸುತ್ತಾನೆ, ಸಿಕ್ಕದ್ದನ್ನು ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಆಡುವವರಿಗೆ ಹೊಳೆಯದಿದ್ದರೆ ಕಥೆ ಅಲ್ಲೇ ನಿಲ್ಲುತ್ತದೆ. “ಪುಸ್ತಕ ಇದ್ದಂಗ ಅದ, ಖರೇ ಮುಂದಿನ ಪುಟಾ ಎಲ್ಲೆ ಅದ ಅಂತ ನಾವ ಹುಡುಕಬೇಕು,” ಎನ್ನುತ್ತಿದ್ದ ಅಣ್ಣಾಜಿ. ಪಕ್ಕದಲ್ಲಿ ಕೂತು ನೋಡುತ್ತಿದ್ದ ತಾಯಿ, ಆ ತರುಣ ಯಾರದೋ ಮನೆಯ ಲಾಟೀನು ಎತ್ತಿಕೊಂಡ ದಿನ ಬೈದಿದ್ದರು: “ಮಂದಿ ಲಾಟೀನು ಚೀಲದಾಗ ಹಾಕ್ಕೊಂಡ್ನಲ್ಲೋ ಅಣ್ಣಾ, ಕಳ್ಳ ಇದ್ದಾನೇನಿಂವ!”

ಕಡೆಗೆ ಅಣ್ಣಾಜಿ ಅವನನ್ನು ಒಂದು ಮನೆಯ ಬಾಗಿಲಿಗೆ ತಂದು ನಿಲ್ಲಿಸಿದ್ದ. ಬಾಗಿಲು ತೆರೆಯಲಿಲ್ಲ. ಪರದೆಯ ತುಂಬ ಮಳೆ. ಆಟವನ್ನು ಅಲ್ಲಿಗೇ ಉಳಿಸಿಟ್ಟು, ಬಂದು ನೋಡೋಣ ಎಂದು ಬ್ಯಾಡಗಿಗೆ ಹೊರಟವನ ಸ್ಕೂಟರು ಲಾರಿಗೆ ಸಿಕ್ಕಿತು. ಹೊರಗೆ ತೀರಿಕೊಂಡವರನ್ನು ಹೊಸ್ತಿಲು ದಾಟಿಸಬಾರದೆಂದು ಹಿರಿಯರು ದೇಹವನ್ನು ಅಂಗಳದಲ್ಲೇ ಇಳಿಸಿದರು. ಶ್ರಾವಣದ ಜಿಟಿಜಿಟಿ ಮಳೆ. ಯಾರೋ ತಾಡಪತ್ರಿ ಹಿಡಿದಿದ್ದರು. ಆಮೇಲೆ ದಿನಾ ಸಂಜೆ ಅರ್ಧ ತಾಸು ಅತ್ತೆ ಸೊಸೆ ಆಟದ ಆ ಬಾಗಿಲಿನ ಮುಂದೆ ಕೂರುವುದು ರೂಢಿಯಾಯಿತು.

“ಆಟ ಮತ್ತ ಹಾಕಿಕೊಡ್ತೇನ್ರಿ. ಮೊದಲಿಂದ ಆಡಿದ್ರಾತು,” ಎಂದ ಶಾಬುದ್ದೀನ.

“ಮೊದಲಿಂದ ಬರಾಂವ ಬ್ಯಾರೇನ. ಅಣ್ಣಾ ಕರಕೊಂಡು ಬಂದಂವ ಇಂವ.” ಗೋದೂಬಾಯಿ ಎದ್ದು ಬಂದು ಕುರ್ಚಿಯ ಹಿಂಬದಿ ಹಿಡಿದರು. “ಒಬ್ಬನ್ನ ಮಳ್ಯಾಗ ಬಿಟ್ಟದ್ದು ಸಾಕು. ಇವನ್ನ ಒಳಗ ಕಳಸ್ತೇವಿ, ಆಮ್ಯಾಲೆ ಏನರ ಮಾಡಪಾ.”

ಶಾಬುದ್ದೀನ ಗಡಿಯಾರ ನೋಡಿದ. “ಹತ್ತು ಮಿನಿಟ್ರಿ. ಅದರ ಮ್ಯಾಲೆ ಆತಂದ್ರ ನಿಮ್ಮ ಲೇಬಲ್ಲಿಗೆ ನಾ ಜವಾಬ್ದಾರ ಅಲ್ಲ.”

ಆಟ ಎಡವುತ್ತ ತೆರೆದುಕೊಂಡಿತು. ಇಂದಿರಾ ಮೌಸು ಹಿಡಿದಳು. ಚೀಲದಿಂದ ಕೀಲಿಕೈ ತೆಗೆದು ಬಾಗಿಲಿಗೆ ಮುಟ್ಟಿಸಿದಳು. ಬಾಗಿಲಲ್ಲಿದ್ದ ಸಣ್ಣ ಕಿಂಡಿ ತೆರೆಯಿತು. ಮುದುಕಿಯೊಬ್ಬಳು ಇಣುಕಿ, ಕೆಳಗೆ ನೋಡಿ, ಕಿಂಡಿ ಮುಚ್ಚಿಕೊಂಡಳು. ಹಗ್ಗ ಮುಟ್ಟಿಸಿದರೂ ಅಷ್ಟೇ. ಪತ್ರ ತೋರಿಸಿದರೂ ಅಷ್ಟೇ. ಬಾಗಿಲ ಪಕ್ಕದ ಪೀಪಾಯಿಯಿಂದ ಡಬ್ಬಿಯಲ್ಲಿ ನೀರು ತುಂಬಿ ಬಾಗಿಲಿಗೆ ಎರಚಿದಳು. ಚಿತ್ರ ಗಕ್ಕನೆ ನಿಂತುಬಿಟ್ಟಿತು.

“ಕೈ ತಗೀರಿ! ಏನೂ ಒತ್ತಬ್ಯಾಡ್ರಿ!”

ಇಂದಿರಾ ಮೌಸಿನಿಂದ ಕೈ ತೆಗೆದಳು. ಬಹಳ ಹೊತ್ತಾದ ಮೇಲೆ ಮತ್ತೆ ಮಳೆ ಬೀಳತೊಡಗಿತು.

“ಇನ್ನ ಮೂರು ಮಿನಿಟ್ರಿ ಅಕ್ಕಾರ.”

“ಆ ಮುದುಕಿ ದಿನಾ ಕೆಳಗ ಏನು ನೋಡ್ತಾಳ?” ಗೋದೂಬಾಯಿ ಕನ್ನಡಕ ಸರಿಪಡಿಸಿಕೊಂಡು ಬಾಗಿದರು.

“ಚೀಲಾ ನೋಡ್ತಾಳ ಅಂದಿದ್ರಲ್ಲ ಅತ್ಯಾ, ಇವರು.”

“ಅಣ್ಣಾಗೇನು ತಿಳೀತದ, ಹೊರಗಿಂದ ಬಂದು ಸೀದಾ ಅಡಿಗಿಮನಿಗೇ ನುಗ್ಗತಿದ್ದ. ಚೀಲಾ ಅಲ್ಲ, ಕಾಲು ನೋಡ್ತಾಳ. ಮೊಣಕಾಲತನಾ ರಾಡಿ ಅದ, ಕಾಣೂದಿಲ್ಲೇನು? ಕಾಲು ತೊಳಕೊಳ್ಳಾರದಂವನ್ನ ಯಾರು ಒಳಗ ಕರೀತಾರ?”

ಎಂಟು ತಿಂಗಳೂ ಎಲ್ಲವನ್ನೂ ಬಾಗಿಲಿಗೇ ಮುಟ್ಟಿಸಿದ್ದರು. ನಿಂತವನನ್ನು ಮುಟ್ಟಿ ನೋಡಿರಲಿಲ್ಲ. ಇಂದಿರಾ ಮತ್ತೊಂದು ಡಬ್ಬಿ ನೀರು ತುಂಬಿ ಅವನ ಕಾಲಿನ ಮೇಲಿಟ್ಟು ಒತ್ತಿದಳು. ಅವನು ಬಗ್ಗಿದ. ಒಂದು ಕಾಲು ತೊಳೆದ, ಇನ್ನೊಂದು ತೊಳೆದ. ಕಿಂಡಿ ತೆರೆಯಿತು. ಮುದುಕಿ ಕೆಳಗೆ ನೋಡಿದಳು. ಅಗಳಿ ಸರಿದ ಸದ್ದು ಕೇಳಿ ಗೋದೂಬಾಯಿಯವರ ಕೈ ಸೊಸೆಯ ಹೆಗಲ ಮೇಲೆ ಬಿಗಿಯಾಯಿತು. ಬಾಗಿಲು ತೆರೆದುಕೊಂಡಿತು. ಅವನು ಹೊಸ್ತಿಲು ದಾಟಿದ.

ಪರದೆ ಕಪ್ಪಾಯಿತು. ಅದರ ಮೇಲೆ ಬಿಳಿ ಇಂಗ್ಲಿಷ್ ಅಕ್ಷರಗಳು: ಇದು ಮಾದರಿ ಮಾತ್ರ, ಇಲ್ಲಿಗೆ ಮುಗಿಯಿತು, ಮುಂದಿನ ಕಥೆಗೆ ಪೂರ್ತಿ ಆಟವನ್ನು ಕೊಂಡುಕೊಳ್ಳಿ. ಇಂದಿರಾ ಎರಡು ಸಲ ಓದಿದಳು. ಶಾಬುದ್ದೀನನೂ ಓದಿದ.

“ಏನು ಬರದದ?” ಗೋದೂಬಾಯಿ ಕೇಳಿದರು.

“ಒಳಗ ಹೋದಾ ಅಂತ ಬರದದ್ರಿ ಅತ್ಯಾ.”

“ಖರೇ?”

“ಖರೇನರಿ ಅವ್ವಾರ,” ಎಂದ ಶಾಬುದ್ದೀನ, ಇಂದಿರಾ ಬಾಯಿ ತೆರೆಯುವ ಮೊದಲೇ.

ಗೋದೂಬಾಯಿ ಆ ಕಪ್ಪನ್ನೇ ನೋಡುತ್ತ ನಿಂತರು. “ಒಳಗ ಭಾಳ ಕತ್ತಲಿ ಅದ,” ಎಂದರು. ಆಮೇಲೆ ಮೂಲೆಗೆ ಹೋಗಿ ಕೂತು, ಹತ್ತಿ ಕೈಗೆತ್ತಿಕೊಂಡರು.

“ಇರಲಿ. ಲಾಟೀನು ಅವನ ಚೀಲದಾಗ ಅದ. ಇನ್ನ ಅಳಸಪಾ.”