ಎಡಗಾಲಿಗೆ ಕಟ್ಟಿದ ಕೌದಿ

ಹಗಲೆಲ್ಲ ಮೆಣಸಿನಕಾಯಿ ಚೀಲ ಬಂದು ಹೋಗುವ ಗೋದಾಮು ಅದು... ಸಂಜೆಯಾದರೆ ಕಿಕ್ ಬಾಕ್ಸಿಂಗ್ ಕ್ಲಾಸು.

ಅಲ್ಲಿಗೆ ಹೊಸದಾಗಿ ಬಂದವರು ಒದೆಯುವುದಕ್ಕಿಂತ ಮೊದಲು ಸೀನುವುದನ್ನು ಕಲಿಯುತ್ತಿದ್ದರು!

ನೀಲಗಂಗಾ ಹತ್ತಿರದ ಹಳ್ಳಿಯ ಒಕ್ಕಲುತನದ ಮನೆಯ ಹುಡುಗಿ. ಆ ಕ್ಲಾಸಿಗೆ ಬರತೊಡಗಿ ಮೂರು ವರ್ಷ.

ಹೋದ ವರ್ಷ ಸ್ಪಾರಿಂಗ್ ಎಂಬ ಅಭ್ಯಾಸದ ಕಾದಾಟದಲ್ಲಿ ಎದುರಾಳಿಯ ಕಾಲಿಗೆ ಕಾಲು ಬಡಿದು, ಎಡ ಮೊಣಕಾಲ ಕೆಳಗಿನ ಎಲುಬು ಬಿರುಕು ಬಿಟ್ಟಿತ್ತು. ಎರಡು ತಿಂಗಳು ಪ್ಲಾಸ್ಟರ್... ಆಮೇಲೆ ನಾಲ್ಕು ತಿಂಗಳು ವಿಶ್ರಾಂತಿ.

"ಎಲುಬು ಕೂಡೇತಿ, ಆಡವಾ," ಎಂದಿದ್ದರು ಡಾಕ್ಟರು. "ಆದ್ರ ಶಿನ್ ಗಾರ್ಡ್ ಕಟ್ಟಿಕೊಳ್ಳದೆ ಮ್ಯಾಟ್ ಮ್ಯಾಲೆ ಕಾಲಿಡಬ್ಯಾಡ."

ಕ್ಲಾಸಿನ ರೂಢಿಯೇ ಬೇರೆ. ಮೊಣಕಾಲ ಕೆಳಗೆ ಕಟ್ಟುವ ಆ ಮೆತ್ತನೆಯ ಶಿನ್ ಗಾರ್ಡ್ ಏನಿದ್ದರೂ ಹೊಸಬರಿಗೆ. ಹಳಬರು ಬರೀ ಎಲುಬಿನಲ್ಲೇ ಆಡಬೇಕು... ಕಟ್ಟಿಕೊಂಡರೆ ನಗೆಪಾಟಲು. ಈರಣ್ಣ ಮಾಸ್ತರರೂ ಅದನ್ನು ಅವರವರ ಇಷ್ಟಕ್ಕೆ ಬಿಟ್ಟಿದ್ದರು.

ಕ್ಲಾಸಿನ ಗಟ್ಟಿಗಿತ್ತಿ ಮಹೇಶ್ವರಿ ಇನ್ನೊಂದು ಉಪಾಯ ಹೇಳಿಕೊಟ್ಟಿದ್ದಳು. "ದಿನಾ ಕಾಲ ಮ್ಯಾಲೆ ಲಟ್ಟಣಿಗೆ ಉರುಳಿಸ್ರಿ. ಎಲುಬು ಕಬ್ಬಿಣ ಆಗ್ತೈತಿ."

ಬರುವ ರವಿವಾರ ಜಿಲ್ಲಾ ಪಂದ್ಯಕ್ಕೆ ಆಯ್ಕೆ. ಇರುವುದು ಒಂದೇ ಜಾಗ. ಎದುರಾಳಿ ಅದೇ ಮಹೇಶ್ವರಿ.

ಒಂದು ಬೆಳಿಗ್ಗೆ ನೀಲಗಂಗಾ ಹಿತ್ತಲಲ್ಲಿ ನೀರಿನ ಬಾನಿಯ ಪಕ್ಕ ಕುಳಿತು, ಹಲ್ಲು ಕಚ್ಚಿ ಕಾಲಿನ ಮೇಲೆ ಲಟ್ಟಣಿಗೆ ಉರುಳಿಸುತ್ತಿದ್ದಳು. ನೋವಿಗೆ ಕಣ್ಣಲ್ಲಿ ನೀರು. ಬಾನಿಯಲ್ಲಿ ಕಂಡ ತನ್ನ ಮುಖ ಅವಳಿಗೇ ಗುರುತು ಹತ್ತಲಿಲ್ಲ.

"ಏನವಾ ಗಂಗಾ, ಕಾಲ ಮ್ಯಾಲೆ ಚಪಾತಿ ಲಟ್ಟಸಾಕತ್ತೀಯೇನು?"

ಹಿಂದೆ ಅಪ್ಪ ಗುರಪ್ಪ ನಿಂತಿದ್ದ. ಅವಳು ಅಳುತ್ತಲೇ ಎಲ್ಲ ಹೇಳಿದಳು. ಅವನು ತನ್ನ ಕೆಲಸಕ್ಕೆ ತಿರುಗಿದ... ಹೊದೆಯುವ ಹರಿದ ಕೌದಿಯ ತುಂಡನ್ನು ನೊಗಕ್ಕೆ ಸುತ್ತತೊಡಗಿದ. ಮನೆಯ ಕೆಂದ ಎಂಬ ಎತ್ತು ಹೆಗಲು ಕೊಡುವ ಕಡೆಗೆ.

"ಕೆಂದನ ಹೆಗಲಿನ ಗಾಯ ಮಾಯ್ದು ವರ್ಷ ಆತಲ್ಲಪ್ಪಾ. ಇನ್ನೂ ಯಾಕ ಸುತ್ತತಿ?"

"ಮಾಯ್ದೈತಿ, ಖರೆ. ಆದ್ರ ಆ ಜಾಗಾ ಇನ್ನೂ ಮರತಿಲ್ಲವಾ."

"ಮಂದಿ ನಗಂಗಿಲ್ಲೇನು?"

"ಮುಂಜಾನೆ ನಗ್ತಾರ. ಸಂಜಿಮುಂದ ನಾಕ ಎಕರೆ ಹೊಲ ಹರಗಿ ಬಂದ ಎತ್ತಿಗೆ ಯಾರ ನಗ್ತಾರ?" ಗುರಪ್ಪ ಹಗ್ಗ ಬಿಗಿದ. "ನಾಚಿಕಿ ಆಗಬೇಕಾದ್ದು ನನಗ... ಗಾಯ ಆದ ಜಾಗಾ ಗೊತ್ತಿದ್ದೂ ಬರೀ ನೊಗ ಹೊರಿಸಿದ್ರ."

ಉಳಿದ ಕೌದಿಯ ತುಂಡನ್ನು ಅವನು ಎಸೆಯಲಿಲ್ಲ. ದಬ್ಬಣ ಹಿಡಿದು, ಮಗಳ ಹಳೆಯ ಶಿನ್ ಗಾರ್ಡಿನ ಒಳಗೆ ಇಟ್ಟು ಹೊಲಿದುಕೊಟ್ಟ.

ರವಿವಾರ ಬಂತು... ನೀಲಗಂಗಾ ಎರಡೂ ಕಾಲಿಗೆ ಗಾರ್ಡ್ ಕಟ್ಟಿದ್ದಳು, ಎಡಗಾಲಿನ ಗಾರ್ಡಿನಿಂದ ಕೌದಿ ಇಣುಕುತ್ತಿತ್ತು.

"ಏನ ಬೇ, ಕೌದಿ ತಂದೀಯಲ್ಲ, ಮಲಗಾಕ ಬಂದೀಯೇನು?" ಮಹೇಶ್ವರಿ ಕೇಳಿದಾಗ ಇಡೀ ಗೋದಾಮು ನಕ್ಕಿತು.

ನೀಲಗಂಗಾಳೂ ನಕ್ಕಳು. "ಮೂರ ರೌಂಡ್ ಆಗ್ಲಿ ಅಕ್ಕಾ, ಯಾರ ಮಲಗ್ತಾರ ನೋಡೂಣು!"

ಮೊದಲ ರೌಂಡು ಸಮಸಮ. ಎಡಗಾಲನ್ನು ಅವಳು ಏಟಿಗೆ ಅಡ್ಡ ಒಡ್ಡಲೇ ಇಲ್ಲ. ಒದೆತ ಬಂದಾಗಲೆಲ್ಲ ಒಂದು ಹೆಜ್ಜೆ ಹಿಂದೆ ಸರಿದಳು... ಮರುಕ್ಷಣ ಮುನ್ನುಗ್ಗಿ ಗುದ್ದಿದಳು.

ಎರಡನೇ ರೌಂಡಿನಲ್ಲಿ ಅವಳ ಬಲಗಾಲಿನ ಒಂದು ಒದೆತ ಮಹೇಶ್ವರಿಯ ಮೊಣಕಾಲ ಕೆಳಗೆ ತಾಕಿತು. ಗಾರ್ಡ್ ಕಟ್ಟಿದ ಕಾಲಿನ ಮೆತ್ತನೆಯ ಏಟು... ಅಷ್ಟೇನೂ ನೋಯುವಂಥದ್ದಲ್ಲ.

ಆದರೆ ಮಹೇಶ್ವರಿ ನೋವಿಗೆ ಮುಖ ಕಿವುಚಿದಳು.

ಆ ಮುಖವನ್ನು ನೀಲಗಂಗಾ ಎಲ್ಲಿಯೋ ನೋಡಿದ್ದಳು... ಹಿತ್ತಲ ಬಾನಿಯ ನೀರಿನಲ್ಲಿ!

ಅದೇ ಜಾಗಕ್ಕೆ ಇನ್ನೊಂದು ಒದೆತ ಬಿದ್ದರೆ ಜಿಲ್ಲಾ ಪಂದ್ಯದ ಜಾಗ ನೀಲಗಂಗಾಳದೇ.

ಅವಳು ಕೈ ಇಳಿಸಿದಳು. "ಸರ್, ನಿಲ್ಲಸ್ರಿ. ಅಕ್ಕನ ಕಾಲು ನೋಡ್ರಿ."

"ಏನಾಗಿಲ್ಲ! ನೀ ಆಡ ಬೇ!" ಮಹೇಶ್ವರಿ ಚೀರಿದಳು.

ಮಾಸ್ತರರು ಅವಳ ಟ್ರ್ಯಾಕ್ ಪ್ಯಾಂಟ್ ಮೇಲಕ್ಕೆತ್ತಿದರು. ನಿಂಬೆಹಣ್ಣಿನಷ್ಟು ಬಾವು... ಸುತ್ತ ನೀಲಿಗಟ್ಟಿದ ಚರ್ಮ.

"ಎಷ್ಟ ದಿನ ಆತು?"

"ಮೂರ ತಿಂಗಳಾತ್ರಿ ಸರ್..."

ಅತ್ತದ್ದನ್ನು ಯಾರೂ ಎಂದೂ ಕಂಡಿರದ ಆ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. "ನೀವೆಲ್ಲಾ ಗಟ್ಟಿಗಿತ್ತಿ, ಗಟ್ಟಿಗಿತ್ತಿ ಅಂತ ಕರದ್ರಿ... ನೋಯತೈತಿ ಅಂತ ನಾ ಯಾರ ಮುಂದ ಹೇಳ್ಲಿ?"

ಗೋದಾಮಿನಲ್ಲಿ ಒಂದು ಸೀನೂ ಕೇಳಿಸಲಿಲ್ಲ.

ಮಾಸ್ತರರು ಅವಳ ಪಕ್ಕ ನೆಲದ ಮೇಲೆ ಕುಳಿತರು. "ತಪ್ಪು ನಂದವಾ. ಎಲ್ಲಾರಿಗೂ ಒದಿಯೋದ ಕಲಿಸಿದೆ... ಎಲ್ಲಿ ನೋಯತೈತಿ ಅಂತ ಒಬ್ಬರನ್ನೂ ಕೇಳಲಿಲ್ಲ."

ಎಕ್ಸ್‌ರೇಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಇನ್ನೊಂದು ವಾರ ಹೀಗೇ ಆಡಿದ್ದರೆ ಎಲುಬು ಪೂರ್ತಿ ಮುರಿಯುತ್ತಿತ್ತು ಎಂದರು ಡಾಕ್ಟರು.

ಜಿಲ್ಲಾ ಪಂದ್ಯಕ್ಕೆ ನೀಲಗಂಗಾ ಹೋದಳು. ಬೆಳ್ಳಿ ಪದಕದ ಜೊತೆ, ನೆಟ್ಟಗಿದ್ದ ಎರಡೂ ಕಾಲುಗಳ ಮೇಲೆ ನಡೆದು ಮರಳಿದಳು.

ಐದು ತಿಂಗಳ ಮೇಲೆ ಮಹೇಶ್ವರಿ ಕ್ಲಾಸಿಗೆ ಬಂದಾಗ, ಗುರಪ್ಪ ಬಾಗಿಲಲ್ಲೇ ಕಾದಿದ್ದ. ಕೈಯಲ್ಲಿ ಕೌದಿ ಇಟ್ಟು ಹೊಲಿದ ಒಂದು ಜೋಡಿ ಶಿನ್ ಗಾರ್ಡ್.

ಅವಳು ಕಣ್ಣೊರೆಸಿಕೊಂಡು ಕೇಳಿದಳು, "ಕಾಕಾ, ಇದರಾಗ ಚಲೋ ಬಣ್ಣದ್ದು ಇರಲಿಲ್ಲೇನು?"

"ನಮ್ಮ ಕೆಂದ ಎಂದೂ ಬಣ್ಣ ಕೇಳಿಲ್ಲವಾ!"

ಈಗ ಆ ಗೋದಾಮಿನಲ್ಲಿ ಹೊಸಬರು, ಹಳಬರು ಎಲ್ಲರೂ ಗಾರ್ಡ್ ಕಟ್ಟುತ್ತಾರೆ. ಸ್ಪಾರಿಂಗ್‌ಗೆ ನಿಲ್ಲುವ ಮುನ್ನ ಎದುರಾಳಿಯನ್ನು ತಪ್ಪದೇ ಕೇಳುತ್ತಾರೆ... "ಎಲ್ಲಿ ನೋಯತೈತಿ?"

ನೊಂದ ಜಾಗವನ್ನು ಕಾಯ್ದುಕೊಂಡವರು ನಾಳೆಯೂ ಕಣಕ್ಕೆ ಇಳಿಯುತ್ತಾರೆ.

ಗಟ್ಟಿ ಎನ್ನಿಸಿಕೊಳ್ಳಲು ನೀವು ಯಾವ ಹಳೆಯ ನೋವಿನ ಮೇಲೆ ಲಟ್ಟಣಿಗೆ ಉರುಳಿಸುತ್ತಿದ್ದೀರಿ...?